ಎಸರು ತಾಳುವ ಮರ

ತುಂಡುಗಳನ್ನು ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಚೆನ್ನೈಯ ಪೆರಂಬೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಡೆಯುದ್ದಕ್ಕೂ ಗಟ್ಟಿಮರದ ಚೂರುಪಾರುಗಳನ್ನು ಪೇರಿಸಿಟ್ಟಿದ್ದೆ. ಬಾಗಿಲು ಚೌಕಟ್ಟು ಮಾಡುವವರು ಮೂಲೆಗೆಸೆದ ತೇಗ, ಕೆಡವಿದ ಮನೆಗಳ ಕಿಟಕಿಯಿಂದ ಬಂದ ಹೊನ್ನೆ, ಯಾರದೋ ಹಳೆಯ ಮಂಚದ ಕಾಲಾಗಿದ್ದ ಬೀಟೆ. ಯಾವುದೂ ಐದು ಅಂಗುಲಕ್ಕಿಂತ ಅಗಲವಿರಲಿಲ್ಲ. ಅವನ್ನು ಪಟ್ಟಿಗಳಾಗಿ ಸೀಳಿ, ಬಣ್ಣ ನೋಡಿ ಪಕ್ಕಪಕ್ಕ ಅಂಟಿಸಿ ತರಕಾರಿ ಹೆಚ್ಚುವ ಹಲಗೆ, ಚಪಾತಿ ಮಣೆ, ಬಿಸಿ ಪಾತ್ರೆ ಇಡುವ ತಟ್ಟುಗಳನ್ನು ಮಾಡುತ್ತಿದ್ದೆ. ಜನ ಆ ಪಟ್ಟೆಗಳ ಅಂದಕ್ಕೇ ಕೊಳ್ಳುತ್ತಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಒಬ್ಬ ಹಿರಿಯ ಆಚಾರಿ. ತಮಿಳಿನವರು, ಮಾತು ಕಡಿಮೆ. ಅಪರೂಪಕ್ಕೆ ಬಾಯಿ ಬಿಟ್ಟರೆ ಅದು ನನ್ನ ಕೆಲಸದ ಕುಂದು ಹೇಳುವುದಕ್ಕೇ ಆಗಿರುತ್ತಿತ್ತು.

ಆರ್ಡರ್ ತಂದವರು ಕೀಲ್ಪಾಕ್‌ನ ಒಂದು ಮನೆಯ ಸೊಸೆ. ಬ್ಯಾಂಕಿನಲ್ಲಿ ಕೆಲಸ, ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ. ಗಂಡನ ಮನೆಯವರು ವಿಜಯಪುರದ ಕಡೆಯಿಂದ ಬಂದು ಪ್ಯಾರೀಸ್ ಕಾರ್ನರ್‌ನಲ್ಲಿ ಕಾಳುಕಡಿಯ ಸಗಟು ವ್ಯಾಪಾರ ಮಾಡಿಕೊಂಡವರು. ಅತ್ತೆಗೆ ರೊಟ್ಟಿ ಮಾಡುವುದಕ್ಕೆ ಮರದ ತಟ್ಟೆಯಂಥದ್ದು ಬೇಕು, ಸುತ್ತ ಅಂಚು ಇರಬೇಕು, ಎಂದು ಎರಡು ಕೈ ಅಗಲಿಸಿ ಅಳತೆ ತೋರಿಸಿದರು. ಅವರ ಮನೆಯಲ್ಲಿ ಅದಕ್ಕೆ ಕೊಣಮಿಗೆ ಅನ್ನುತ್ತಾರಂತೆ. ಹೆಸರು ನನಗೆ ಹೊಸದು. ನಮ್ಮದು ಮೈಸೂರು ಸೀಮೆಯ ಮನೆತನ. ರಾಗಿ, ಅಕ್ಕಿ, ಹೆಚ್ಚೆಂದರೆ ಚಪಾತಿ. ಜೋಳದ ರೊಟ್ಟಿ ತಿಂದು ಗೊತ್ತಿತ್ತೇ ಹೊರತು ಮಾಡುವುದನ್ನು ಕಂಡವಳಲ್ಲ. ಅಂಚಿರುವ ಚಪಾತಿ ಮಣೆ, ಅಷ್ಟೇ ತಾನೆ ಎಂದುಕೊಂಡೆ. ಉದ್ದ ಕೇಳಿದೆ, ಅಗಲ ಕೇಳಿದೆ, ಯಾವ ಬಣ್ಣ ಇಷ್ಟ ಎಂದೂ ಕೇಳಿದೆ. ಅದರೊಳಗೆ ಏನು ಹಾಕುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಕೆಲಸ ಹಿಡಿದೆ. ಮೊದಲು ಪ್ರತಿ ತುಂಡಿನ ಮೇಲೂ ಆಯಸ್ಕಾಂತ ಆಡಿಸಬೇಕು. ಹಳೆಯ ಮರದೊಳಗೆ ತಲೆ ಮುರಿದ ಮೊಳೆ ಹುದುಗಿದ್ದರೆ ಗರಗಸದ ಹಲ್ಲು ಉದುರುತ್ತದೆ. ಬಣ್ಣ ಬಳಿದಿದ್ದ ಮೈಯನ್ನು ಪೂರ್ತಿ ಕೆತ್ತಿ ತೆಗೆಯಬೇಕು, ಹಳೆಯ ಬಣ್ಣ ಅಡುಗೆಮನೆಗೆ ಹೋಗಬಾರದು. ತೇಗ ಒಂದು, ಹೊನ್ನೆ ಒಂದು ಎಂದು ಸರದಿಯಲ್ಲಿ ಮೂರು ಅಂಗುಲ ದಪ್ಪದ ಪಟ್ಟಿಗಳನ್ನಿಟ್ಟು, ನೀರು ತಡೆಯುವ ಬಿಳಿ ಅಂಟು ಹಚ್ಚಿ, ಆರು ಕ್ಲಾಂಪ್ ಬಿಗಿದು ಎರಡು ದಿನ ಬಿಟ್ಟೆ. ಆಮೇಲೆ ಬಾಗಿದ ಬಾಯಿಯ ಉಳಿಯಿಂದ ಒಳಗನ್ನು ತೋಡಿ, ತಳ ಸಮ ಮಾಡಿ, ನಾಲ್ಕು ಬಗೆಯ ಉಪ್ಪುಕಾಗದ ಉಜ್ಜಿ, ಕೊಬ್ಬರಿ ಎಣ್ಣೆಗೆ ಜೇನುಮೇಣ ಕರಗಿಸಿ ಹಚ್ಚಿದೆ. ಎಣ್ಣೆ ಬಿದ್ದೊಡನೆ ಹೊನ್ನೆ ಕೆಂಪಾಗಿ, ತೇಗ ಹೊಂಬಣ್ಣವಾಗಿ ಎದ್ದು ಬಂತು. ಫೋಟೊ ತೆಗೆದು ಹತ್ತು ಜನಕ್ಕೆ ಕಳಿಸಿದೆ. ಆಚಾರಿ ಅದನ್ನು ಎತ್ತಿ ತೂಗಿ ನೋಡಿ, ತೊಟ್ಟಿಯಂಥ ಪಾತ್ರೆಯನ್ನು ಅಂಟಿಸಿ ಮಾಡುವ ಪದ್ಧತಿ ತಾನು ಕಂಡಿಲ್ಲ ಎಂದರು. ಕಾಲ ಬದಲಾಗಿದೆ ಎಂದೆ. ಅವರು ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಕೊಟ್ಟ ನಾಲ್ಕನೆಯ ದಿನ ಸೊಸೆಯ ಫೋನ್ ಬಂತು. ಸಿಟ್ಟಿರಲಿಲ್ಲ, ಮುಜುಗರವಿತ್ತು. ಒಮ್ಮೆ ಬಂದು ನೋಡಿ, ಫೋನಿನಲ್ಲಿ ಹೇಳುವುದು ಕಷ್ಟ ಎಂದರು. ಹೋದೆ.

ಅತ್ತೆಯನ್ನು ಕಂಡದ್ದು ಅಂದೇ ಮೊದಲು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ, ಬಲಗೈ ಮಣಿಕಟ್ಟಿನ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ನನ್ನನ್ನು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ನೋಡು ಎಂದು ಕೆಲಸ ಶುರು ಮಾಡಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನನ್ನ ಪಟ್ಟೆ ಪಟ್ಟೆ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿ, ಆ ಕುದಿಯುವ ನೀರನ್ನು ಸೀದಾ ಗುಂಡಿಗೆ ಸುರಿದರು. ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಅದಕ್ಕೆ ಎಸರು ಅನ್ನುತ್ತಾರೆ, ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಜಿಗುಟು ಇಲ್ಲ, ಎಸರು ಬಿದ್ದರೇ ಅದು ಕೂಡಿಕೊಳ್ಳುವುದು, ಎಂದು ಸೌಟಿನಿಂದ ಕಲಸುತ್ತ ಹೇಳಿದರು. ಹಿಟ್ಟನ್ನು ಪಕ್ಕಕ್ಕೆ ಸರಿಸಿದಾಗ ಅದರ ಅಡಿಯಲ್ಲಿ ಕಂದುಗೆಂಪು ಗೆರೆಗಳು ಎದ್ದಿದ್ದವು. ಹೊನ್ನೆ ಬಣ್ಣ ಬಿಟ್ಟಿತ್ತು. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕೆಂಪಾದ ಮೇಲೆ ಕುಡಿಯುವ ಸಕ್ಕರೆ ಕಾಯಿಲೆಯವರನ್ನು ನಾನೇ ಎಷ್ಟು ಜನರನ್ನು ಕಂಡಿದ್ದೇನೆ. ಆದರೂ ಅದು ಹೊಳೆದಿರಲಿಲ್ಲ.

"ಯಾಕ ತಂಗಿ, ಎಸರು ಹಾಕೂದು ಗೊತ್ತಿದ್ದಿಲ್ಲೇನು?" ಎಂದರು.

"ನಮ್ಮನೇಲಿ ಚಪಾತಿ ಮಣೆ ಮಾತ್ರ ಅಮ್ಮ. ಬಿಸಿನೀರು ಹಾಕ್ತೀರ ಅಂತ ನಂಗೆ ತೆರಿಯಲ್ಲ."

ಗೊತ್ತಿರಲಿಲ್ಲ ಎನ್ನುವ ಬದಲು ತಮಿಳು ಬಾಯಿಗೆ ಬಂದಿತ್ತು. ಅವರು ಸೊಸೆಯ ಕಡೆ ತಿರುಗಿ, ಈಕೆಯ ಕನ್ನಡವೂ ನಿನ್ನದರ ಹಾಗೇ ಕಲಬೆರಕೆ ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. ತೊಳೆಯಲೆಂದು ಕೊಣಮಿಗೆಯನ್ನು ಎತ್ತಲು ಹೋದವರ ಬಲಗೈ ಅರ್ಧಕ್ಕೇ ಸೋತು ಹಿಡಿತ ಬಿಟ್ಟಿತು. ಸೊಸೆ ಓಡಿ ಬಂದು ಹಿಡಿದರು. ನಾಲ್ಕು ಕಿಲೋ ಹತ್ತಿರ ಇತ್ತು ಅದು.

ವಿಷಯವನ್ನು ಆಮೇಲೆ ಸೊಸೆ ಹೇಳಿದರು. ಹಿಂದಿನ ವರ್ಷ ಅವರು ಒದ್ದೆ ನೆಲದ ಮೇಲೆ ಕಾಲು ಜಾರಿ ಬಿದ್ದಿದ್ದರು, ಕೈಯಲ್ಲಿ ಹಳೆಯ ಕೊಣಮಿಗೆ ಇತ್ತು. ಕೈಯೂ ಮರವೂ ಒಂದೇ ಸಲ ಮುರಿದವು. ಕೈಗೆ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು, ಮರವನ್ನು ಯಾರೋ ಕಸಕ್ಕೆ ಹಾಕಿದರು. ಅಂದಿನಿಂದ ಅಡುಗೆಗೆ ಒಬ್ಬಾಕೆ ಬೆಳಿಗ್ಗೆ ಆರಕ್ಕೇ ಬರುತ್ತಾರೆ. ಇಡ್ಲಿ, ಪೊಂಗಲ್, ಚಪಾತಿ. ಕೈಗೆ ಕೆಲಸ ಕೊಟ್ಟರೆ ಒಳ್ಳೆಯದೇ, ಎರಡೂವರೆ ಕಿಲೋ ಮೀರಿ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ. ಮಗನಿಗೆ ಮಾತ್ರ ಹೆದರಿಕೆ. ಇದೊಂದು ಸಲ ನೋಡೋಣ, ಆಗದಿದ್ದರೆ ರೊಟ್ಟಿಯ ಮಾತು ಎತ್ತಬಾರದು ಎಂದು ಅವರು ತಾಯಿಯಿಂದ ಒಪ್ಪಿಗೆ ತೆಗೆದುಕೊಂಡಿದ್ದರು.

ಹೊರಡುವಾಗ ಬಾಗಿಲ ತನಕ ಬಂದ ಅತ್ತೆ, ಸೊಸೆಗೆ ಕೇಳಿಸದ ಹಾಗೆ ಒಂದು ಮಾತು ಹೇಳಿದರು.

"ವರ್ಷಾತು, ನನ್ನ ಮನ್ಯಾಗ ನಾನ ಬೀಗರ್ಹಂಗ ಕುಂತೀನಿ. ಯಾರೋ ಮಾಡ್ತಾರ, ಯಾರೋ ಹಾಕ್ತಾರ, ಉಣ್ತೀನಿ. ಇನ್ನೊಂದ್ಸಲ ನೋಡು ತಂಗಿ, ಆಗ್ತದೇನು."

ಮಗನಿಗೆ ಏನು ಹೇಳುತ್ತೀರಿ ಎಂದೆ. ರಿಪೇರಿಗೆ ಹೋಗಿದೆ ಅಂತ ಹೇಳುತ್ತೇನೆ, ಹದಿನೈದು ದಿನ ತಡೆಯಬಲ್ಲೆ ಎಂದರು.

ಎರಡನೆಯದನ್ನು ಬರೀ ತೇಗದಲ್ಲಿ ಮಾಡಿದೆ. ಬಣ್ಣದ ಚಪಲ ಬಿಟ್ಟೆ, ಅಂಟಿನ ಚಪಲ ಬಿಡಲಿಲ್ಲ. ದೋಣಿ ಕೆಲಸದವರು ಬಳಸುವ, ಎರಡು ಡಬ್ಬದಿಂದ ಬೆರೆಸುವ ಅಂಟು ಒಂದಿದೆ. ಅದು ನೀರಿಗೆ ಜಗ್ಗುವುದಿಲ್ಲ. ಆದರೆ ಕುದಿನೀರಿನ ಜೊತೆ ಹಿಟ್ಟಿಗೆ ಏನು ಸೇರುತ್ತದೋ ಎಂದು ಧೈರ್ಯ ಬರಲಿಲ್ಲ. ಪೊಟ್ಟಣದ ಮೇಲೆ ಆಹಾರಕ್ಕೆ ಸೈ ಎಂದು ಬರೆದಿದ್ದ ಬಿಳಿ ಅಂಟಿನಲ್ಲೇ ಮೇಲಿನ ದರ್ಜೆಯದನ್ನು ತಂದೆ. ಪಟ್ಟಿಗಳ ಅಂಚನ್ನು ಉಜ್ಜುಗೊರಡಿನಿಂದ ಮೂರು ಮೂರು ಸಲ ತೀಡಿ, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು, ಎಲ್ಲಿಯೂ ಕಿರಣ ತೂರದಷ್ಟು ಕೂಡಿಸಿದೆ. ಗೋಡೆಯನ್ನೂ ತಳವನ್ನೂ ತೆಳ್ಳಗೆ ಮಾಡಿ ತೂಕ ಇಳಿಸಿದೆ. ಈ ಸಲ ಕೊಡುವ ಮೊದಲು ನಾನೇ ಪರೀಕ್ಷೆ ಮಾಡಲು ಕೂತೆ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಜೋಳದ ಹಿಟ್ಟು ಹಾಕಿ, ಎಸರು ಸುರಿದು, ಕಲಸಿ, ತೊಳೆದು, ನೆರಳಲ್ಲಿ ಒಣಗಿಸಿದೆ. ಆ ಹಿಟ್ಟನ್ನು ರೊಟ್ಟಿ ಮಾಡಲು ಹೋಗಿ ಮುರುಕು ಮುರುಕಾದದ್ದನ್ನು ನಮ್ಮ ಮನೆಯವರು ಒಂದು ವಾರ ಗೊಣಗದೆ ತಿಂದರು.

ಮಳೆಗಾಲದ ಮೊದಲ ವಾರವದು, ಗಾಳಿಯೆಲ್ಲ ಒದ್ದೆ. ಆರನೆಯ ದಿನದವರೆಗೆ ಏನೂ ಆಗಲಿಲ್ಲ. ಏಳನೆಯ ಬೆಳಿಗ್ಗೆ ಒಳಗಿನಿಂದ ಹುಳಿ ವಾಸನೆ ಬಂತು. ಕನ್ನಡಕ ಹಾಕಿಕೊಂಡು ನೋಡಿದರೆ ಎರಡನೆಯ ಮತ್ತು ಮೂರನೆಯ ಪಟ್ಟಿಯ ನಡುವೆ ಕೂದಲೆಳೆಯ ಗೆರೆ. ಗುಂಡುಸೂಜಿಯ ತುದಿ ಇಟ್ಟರೆ ಒಳಗೆ ಇಳಿಯಿತು, ಹೊರಗೆ ತೆಗೆದರೆ ತುದಿಯಲ್ಲಿ ಹಿಂದಿನ ದಿನದ ಹಿಟ್ಟು. ಪ್ರತಿದಿನ ತೆಳು ತಳ ಕುದಿನೀರಿಗೆ ಹಿಗ್ಗಿ ಒಣಗಿದಾಗ ಕುಗ್ಗುತ್ತಿತ್ತು, ಪಕ್ಕದ ಪಟ್ಟಿಗಳು ಒಂದೇ ಹದದಲ್ಲಿ ಹಿಗ್ಗುತ್ತಿರಲಿಲ್ಲ. ಆಚಾರಿ ಗೆರೆಯನ್ನು ನೋಡಿ ಏನೂ ಅನ್ನಲಿಲ್ಲ. ಅನ್ನದಿದ್ದುದಕ್ಕೇ ನನಗೆ ರೇಗಿತು. ಮೊದಲೇ ಹೇಳಿದ್ದೆ ಅಂತ ಬಾಯಿಬಿಟ್ಟು ಹೇಳಿಬಿಡಿ, ಸುಮ್ಮನೆ ನಿಂತು ನೋಡಬೇಡಿ ಎಂದು ಕೂಗಾಡಿದೆ. ಅವರು ಉಳಿಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಮನೆಗೆ ಹೋದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾಚಿಕೆಯಾಯಿತು.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಒಬ್ಬಳೇ ಕೂತು ಲೆಕ್ಕ ಹಾಕಿದೆ. ನನ್ನ ಮುಂದೆ ಎರಡು ದಾರಿ ಇದ್ದವು. ಗೆರೆಗೆ ಮೇಣ ತುಂಬಿ ಕೊಡಬಹುದು. ಎರಡು ಮೂರು ತಿಂಗಳು ತಡೆಯುತ್ತದೆ, ಆಮೇಲೆ ಹುಳಿ ಹಿಟ್ಟು, ವಾಸನೆ, ಮಗನ ಮಾತು, ಅಲ್ಲಿಗೆ ರೊಟ್ಟಿ ನಿಂತಂತೆ. ಇಲ್ಲವೇ ನನ್ನ ಕೈಯಲ್ಲಿ ಆಗದು ಎಂದು ಒಪ್ಪಿಕೊಳ್ಳಬಹುದು. ಎರಡೂ ಬೇಡವೆನಿಸಿತು. ಉಳಿದದ್ದು ಒಂದೇ: ಕೂಡಿಸುವುದನ್ನೇ ಬಿಡಬೇಕು. ಅಂದರೆ ಗೋಡೆಯುದ್ದಕ್ಕೂ ಪೇರಿಸಿದ ನನ್ನ ಆಸ್ತಿಯಲ್ಲಿ ಒಂದು ಚೂರೂ ಕೆಲಸಕ್ಕೆ ಬಾರದು. ಅದನ್ನು ಒಪ್ಪುವುದಕ್ಕೆ ನನಗೆ ಇಡೀ ಮಧ್ಯಾಹ್ನ ಹಿಡಿಯಿತು.

ಅತ್ತೆಗೆ ಫೋನ್ ಮಾಡಿ, ಹಳೆಯದು ಯಾವ ಮರದ್ದು ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ. ಬೇವಿಂದು ಎಂದರು. ಕಹಿ ಆಗುವುದಿಲ್ಲವೇ ಎಂದೆ. ಒಣಗಿದ ಬೇವಾದರೆ ಎಂಟು ದಿನ ಗಂಜಿ ಹಾಕಿ ಇಟ್ಟರೆ ಹೋಗುತ್ತದೆ, ನಮ್ಮ ಕಡೆ ಎಲ್ಲರದೂ ಬೇವಿನದೇ ಎಂದರು. ಎಷ್ಟು ದಿನ ಬಾಳಿತು ಎಂದು ಕೇಳಿದ್ದಕ್ಕೆ, ನನ್ನ ಮಗ ಹುಟ್ಟುವ ಮೊದಲಿನಿಂದ ಎಂದಷ್ಟೇ ಹೇಳಿದರು.

ಮರುದಿನ ಆಚಾರಿಯ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವರು ಕಾಫಿ ಕೊಟ್ಟರು. ಬೇವು ಬೇಕು, ಒಂದೇ ತುಂಡು, ಹನ್ನೆರಡು ಅಂಗುಲ ಅಗಲ, ಚೆನ್ನಾಗಿ ಒಣಗಿದ್ದು ಎಂದೆ. ಚೆನ್ನೈಯಲ್ಲಿ ಬೇವಿಗೆ ಬರವಿಲ್ಲ, ಪ್ರತಿ ಬಿರುಗಾಳಿಗೂ ರಸ್ತೆ ರಸ್ತೆಯಲ್ಲಿ ಬೀಳುತ್ತವೆ. ಆದರೆ ಹಸಿ ಬೇವು ಒಣಗುವಾಗ ಸೀಳುತ್ತದೆ, ಒಣಗಲು ವರ್ಷಗಳೇ ಬೇಕು. ಅವರು ಲೋಟ ಕೆಳಗಿಟ್ಟು, ನೀವು ಅದರ ಮೇಲೆ ಎಷ್ಟು ಸಲ ಕೂತಿದ್ದೀರಿ ಎಂದರು.

ಸಾಮಿಲ್ಲಿನ ಮುಂದಿನ ಬೆಂಚು. ನಾಲ್ಕು ಇಟ್ಟಿಗೆಗಳ ಮೇಲೆ ಒಂದು ದಪ್ಪ ಹಲಗೆ. ಕೆಲಸದವರು ಅದರ ಮೇಲೆ ಕೂತು ಟೀ ಕುಡಿಯುತ್ತಿದ್ದರು, ಮರ ಸೀಳಿಸಲು ಹೋದಾಗಲೆಲ್ಲ ನಾನೂ ಕೂತಿದ್ದೆ. ಅದು ಯಾವ ಮರವೆಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅಗಲ ಹದಿನಾಲ್ಕು ಅಂಗುಲ, ದಪ್ಪ ನಾಲ್ಕು, ಚಾವಣಿಯ ನೆರಳಿನಲ್ಲಿ ವರ್ಷಗಟ್ಟಲೆ ಒಣಗಿದ ಬೇವು. ಸಾಮಿಲ್ಲಿನ ಯಜಮಾನರಿಗೆ ವಿಷಯ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೂರುವುದಕ್ಕೆ ಬೇರೆ ತಂದುಕೊಟ್ಟು ಇದನ್ನು ತೆಗೆದುಕೊಂಡು ಹೋಗಿ ಎಂದರು. ಎರಡೇ ದಿನದಲ್ಲಿ ತೇಗ, ಹೊನ್ನೆ, ಬೀಟೆಯ ಪಟ್ಟಿಗಳನ್ನು ಅಂಟಿಸಿ ಐದಡಿಯ ಬೆಂಚು ಮಾಡಿ ಕೊಟ್ಟೆ. ಕೂರುವವರು ಅದರ ಮೇಲೆ ಎಸರು ಸುರಿಯುವುದಿಲ್ಲವಲ್ಲ. ಆ ಓಣಿಯಲ್ಲಿ ಅಷ್ಟು ಚೆಂದದ ಬೆಂಚು ಇನ್ನೊಂದಿಲ್ಲ.

ಹಲಗೆಯಲ್ಲಿ ಒಳ್ಳೆಯ ಭಾಗ ಹದಿನೆಂಟು ಅಂಗುಲ ಮಾತ್ರ ಸಿಕ್ಕಿತು. ಉಳಿದದ್ದರಲ್ಲಿ ಒಂದು ಕಡೆ ಗಂಟು, ಇನ್ನೊಂದು ಕಡೆ ಸೀಳು. ಅಂದರೆ ಅವಕಾಶ ಒಂದೇ ಸಲ. ಒಳಗನ್ನು ನಾನು ಉಳಿಯಿಂದ ತೋಡುವುದು, ಹೊರಗನ್ನು ಆಚಾರಿ ಬಾಚಿಯಿಂದ ಕೆತ್ತುವುದು ಎಂದು ಹಂಚಿಕೊಂಡೆವು. ನಾನು ಅಡ್ಡಕ್ಕೆ ಹೊಡೆದಾಗ ಬೇವು ಚಕ್ಕೆ ಎದ್ದಿತು. ಆಚಾರಿ ನನ್ನ ಕೈ ಹಿಡಿದು ಎರಡು ತುದಿಯಿಂದಲೂ ನಡುವಿಗೆ ಹೊಡೆಯುವುದನ್ನು ತೋರಿಸಿಕೊಟ್ಟರು. ದಪ್ಪ ಗೊತ್ತಾಗಲು ಒಳಗೊಂದು ಬೆರಳು ಹೊರಗೊಂದು ಬೆರಳು ಇಟ್ಟು ಸವರುತ್ತ ಹೋಗಬೇಕು. ಗೋಡೆ ಅರ್ಧ ಅಂಗುಲಕ್ಕೆ ಬಂದ ಮೇಲೆ ಒಂದೊಂದು ಏಟಿಗೂ ನಿಲ್ಲಿಸಿ ಸವರಿ ನೋಡಿದೆ.

ತಳದ ವಿಚಾರದಲ್ಲಿ ನನಗೊಂದು ಯೋಚನೆ ಬಂತು. ಹಿಂದೆ ಅತ್ತೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು, ಈಗ ನಿಂತುಕೊಂಡು ಗ್ರಾನೈಟ್ ಕಟ್ಟೆಯ ಮೇಲೆ. ಕಲ್ಲಿನ ಮೇಲೆ ಮರ ಪೂರ್ತಿ ಕೂತರೆ ಪ್ರತಿ ಬಡಿತವೂ ಮಣಿಕಟ್ಟಿನ ಪ್ಲೇಟಿಗೇ ಹೋಗಿ ನಾಟುತ್ತದೆ. ಹೊರತಳದ ಎರಡು ತುದಿಯಲ್ಲಿ ಕಿರುಬೆರಳ ದಪ್ಪದ ದಿಂಡು ಬಿಟ್ಟು ನಡುವೆ ಕೆತ್ತಿಬಿಟ್ಟರೆ ತಳ ಕಲ್ಲಿಗೆ ತಾಗುವುದಿಲ್ಲ, ಏಟಿಗೆ ತುಸು ಬಾಗುತ್ತದೆ. ಆಚಾರಿಗೆ ಹೇಳಿದೆ. ಸರಿ ಎಂದರು. ಅವರು ನನ್ನ ಮಾತಿಗೆ ಸರಿ ಎಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಮುಗಿದಾಗ ಎರಡು ಕಿಲೋಗೆ ಸ್ವಲ್ಪ ಮೇಲಿತ್ತು. ಪಟ್ಟೆಯಿಲ್ಲ, ಹೊಳಪಿಲ್ಲ, ಮಾಸಲು ಬಣ್ಣ. ಎಣ್ಣೆ ಹಚ್ಚುವ ಮೊದಲು ಎಂಟು ದಿನ ಅನ್ನದ ಗಂಜಿ ತುಂಬಿಟ್ಟು, ದಿನಾ ಚೆಲ್ಲಿ, ದಿನಾ ತೊಳೆದೆ. ಹದಿನೈದು ದಿನದ ವಾಯಿದೆ ಎಂದೋ ದಾಟಿತ್ತು. ಮಗ ಎರಡು ಸಲ ಕೇಳಿದರಂತೆ. ಪ್ಯಾರೀಸ್ ಕಾರ್ನರ್‌ನಿಂದ ರೆಡಿಮೇಡ್ ರೊಟ್ಟಿಯ ಕಟ್ಟು ತಂದು ಮೇಜಿನ ಮೇಲಿಟ್ಟರಂತೆ. ಅತ್ತೆ ಅದನ್ನು ಮುಟ್ಟಲಿಲ್ಲ ಎಂದು ಸೊಸೆ ಫೋನಿನಲ್ಲಿ ಹೇಳಿದರು. ಒಂಬತ್ತನೆಯ ದಿನ ಹಿಟ್ಟು ಕಲಸಿ ನಾಲಿಗೆಯ ಮೇಲಿಟ್ಟು ನೋಡಿದೆ. ಕಹಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ತೆಗೆದುಕೊಂಡು ಹೋದೆ. ಮನೆಯವರೆಲ್ಲ ಇದ್ದರು: ಅತ್ತೆ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅಡುಗೆಯಾಕೆ ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದವರು ಸರಿದು ಜಾಗ ಬಿಟ್ಟರು. ಮಗ ಅಡುಗೆಮನೆಯ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಅತ್ತೆ ಕೊಣಮಿಗೆಯನ್ನು ತಿರುಗಿಸಿ ದಿಂಡುಗಳ ಮೇಲೆ ಬೆರಳಾಡಿಸಿದರು, ಕಟ್ಟೆಯ ಮೇಲಿಟ್ಟು ಬರಿಗೈಯಲ್ಲಿ ಒಮ್ಮೆ ಬಡಿದು ನೋಡಿದರು. ಎಸರು ಸುರಿದರು. ನಾನು ತಳವನ್ನೇ ನೋಡುತ್ತಿದ್ದೆ. ಹಿಟ್ಟು ಬೆಳ್ಳಗೇ ಇತ್ತು.

ಮೊದಲ ರೊಟ್ಟಿ ಅಂಗೈ ಮೇಲೆತ್ತುವಾಗ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಸೊಸೆ ಒಂದು ಹೆಜ್ಜೆ ಮುಂದಿಟ್ಟಾಗ ಅತ್ತೆ ತಿರುಗಿಯೂ ನೋಡದೆ ಎಡಗೈ ಅಡ್ಡ ಹಿಡಿದರು. ವರ್ಷದಿಂದ ರೂಢಿ ತಪ್ಪಿದ ಕೈ ಅದು, ಬಲಗೈಯ ಬಡಿತ ಮೆತ್ತಗಾಗಿ ರೊಟ್ಟಿಯ ಒಂದು ಬದಿ ದಪ್ಪ ಉಳಿಯುತ್ತಿತ್ತು. ಮೂರನೆಯದಕ್ಕೆ ಅವರು ಎಡಗೈಯಿಂದ ರೊಟ್ಟಿಯನ್ನು ಹೆಚ್ಚು ತಿರುಗಿಸುತ್ತ, ಬಲಗೈಯಿಂದ ಹಗುರಾಗಿ, ಆದರೆ ಇನ್ನಷ್ಟು ಬೇಗ ಬೇಗ ಬಡಿದರು. ಅಂಚಿನವರೆಗೆ ಹರಡಿತು. ಎತ್ತಿದರು, ಹರಿಯಲಿಲ್ಲ. ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕಿದಾಗ ಉಬ್ಬಿತು. ಆಮೇಲೆ ಅವರು ನಮ್ಮ ಯಾರ ಕಡೆಯೂ ನೋಡಲಿಲ್ಲ. ಹಿಟ್ಟು ಮುಗಿಯುವ ತನಕ, ಏಳು ರೊಟ್ಟಿ.

ಆದರೂ ನಾನು ಕಾಯುತ್ತಿದ್ದದ್ದು ರೊಟ್ಟಿಗಲ್ಲ. ಕೊಣಮಿಗೆಯನ್ನು ಅವರು ಎರಡು ಕೈಯಲ್ಲಿ ಎತ್ತಿಕೊಂಡರು. ಬಲಗೈ ಈ ಸಲ ಹಿಡಿತ ಬಿಡಲಿಲ್ಲ. ಸಿಂಕಿನವರೆಗೆ ಮೂರು ಹೆಜ್ಜೆ. ತೊಳೆದು, ನೀರು ಚೆಲ್ಲಿ, ಕಿಟಕಿಯ ಪಕ್ಕ ಗೋಡೆಗೆ ಒರಗಿಸಿಟ್ಟರು. ಮಗ ಬಾಗಿಲಿನಿಂದ ಸರಿದು ಊಟದ ಮೇಜಿಗೆ ಹೋಗಿ ಕೂತರು. ಬೇಡ ಎಂದು ಅವರ ಬಾಯಿಂದ ಬರಲಿಲ್ಲ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಅಡುಗೆಯಾಕೆಯ ಕಡೆ ತಿರುಗಿದರು. ಎಷ್ಟು ವರ್ಷವಾದರೂ ಅವರ ತಮಿಳು ಅರ್ಧ ಕನ್ನಡವೇ.

"ನಾಳಿಂದ ಪತ್ತು ಮಣಿಗೆ ವಾಮ್ಮಾ. ಮುಂಜಾನಿದು ನಾ ನೋಡ್ಕೋತೀನಿ."

ಹತ್ತು ಗಂಟೆಗೆ ಬಂದರೆ ಸಾಕೇ ಎಂದು ಅಡುಗೆಯಾಕೆ ಸೊಸೆಯ ಮುಖ ನೋಡಿದರು. ಸೊಸೆ ತಟ್ಟೆಗಳನ್ನು ಜೋಡಿಸುತ್ತಿದ್ದವರು ತಲೆ ಎತ್ತಿ, ಅವರನ್ನೇ ಕೇಳಿ ಎಂದರು.